ಮೆಕ್ಸಿಕೋ ಸಿಟಿಯ ಹಳೇ ಅಂಗಳದ ಮನೆ: ನೋಡುವುದು ಹೇಗೆ?

ಮೆಕ್ಸಿಕೋ ಸಿಟಿಗೆ ಬರುವ ನಮ್ಮವರು ಪಿರಮಿಡ್ ನೋಡದೆ ಹೋಗುವುದಿಲ್ಲ. ಆದರೆ ಊರ ನಡುವಿನ ಸ್ಪ್ಯಾನಿಷ್ ಕಾಲದ ಮನೆಗಳ ಮುಂದೆ ಒಂದು ಸೆಲ್ಫಿ ತೆಗೆದು ಹೊರಟುಬಿಡುತ್ತಾರೆ. ನನಗೆ ಅದು ತುಂಬಾ ಬೇಜಾರು. ಕೆಲಸಕ್ಕೆಂದು ಇಲ್ಲೇ ಇರುವ ನಾನು ಬಂದ ನೆಂಟರನ್ನೆಲ್ಲ ಈ ಮನೆಗಳಿಗೆ ಕರೆದೊಯ್ಯುತ್ತೇನೆ. ಗೈಡ್ ಬೇಕಿಲ್ಲ. ಒಂದೇ ಪ್ರಶ್ನೆ ತಲೆಯಲ್ಲಿರಲಿ: ಇಲ್ಲಿವರೆಗೆ ಯಾರು ಬರಬಹುದಿತ್ತು?

ತೊಟ್ಟಿ ಮನೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಜಗಲಿಯಲ್ಲೇ ನಿಲ್ಲುವವರು ಬೇರೆ, ಒಳಗೆ ತೊಟ್ಟಿವರೆಗೆ ಬರುವವರು ಬೇರೆ, ಅಡುಗೆಮನೆ ಹೊಕ್ಕುವವರು ಬೇರೆ.

ಮಾದೆರೋ ಬೀದಿಯ ‘ಕಾಸಾ ದೆ ಲೊಸ್ ಆಸುಲೆಹೋಸ್’, ಅಂದರೆ ಟೈಲ್ಸ್ ಮನೆಯಿಂದ ಶುರು ಮಾಡಿ. ಬೆಯ್ಯಾಸ್ ಆರ್ತೆಸ್ ಮೆಟ್ರೋದಲ್ಲಿ ಇಳಿದರೆ ಹತ್ತಿರ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಜನ ಜಾಸ್ತಿ. ತಕ್ಷಣ ಒಳಗೆ ನುಗ್ಗಬೇಡಿ. ಎದುರಿನ ಸ್ಯಾನ್ ಫ್ರಾನ್ಸಿಸ್ಕೋ ಚರ್ಚಿನ ಕಡೆ ನಿಂತು ಗೋಡೆ ನೋಡಿ. ನೀಲಿ ಬಿಳಿ ಟೈಲ್ಸ್ ಮೇಲಿನವರೆಗೂ ಹತ್ತಿದೆ. ಇದು ಪುಯೆಬ್ಲಾ ಊರಿನ ತಲವೆರಾ ಟೈಲ್ಸ್. ಮೂಲದಲ್ಲಿ ಇದು ಒಂದಾಗಿ ಸೇರಿದ ಎರಡು ಮನೆ, ಒರಿಸಾಬಾ ಕಣಿವೆಯ ಕೌಂಟ್ ಮನೆತನದ್ದು (ಕೌಂಟ್ ಅಂದರೆ ಶ್ರೀಮಂತ ಮನೆತನದ ಬಿರುದು, ಹೆಂಗಸಾದರೆ ಕೌಂಟೆಸ್). 1737ರ ಹೊತ್ತಿಗೆ ಆ ಮನೆತನದ ಕೌಂಟೆಸ್ ಒಬ್ಬರು ಟೈಲ್ಸ್ ಹಾಕಿಸಿದರು ಎನ್ನುತ್ತಾರೆ. ಇನ್ನೊಂದು ಕಥೆಯೂ ಇದೆ. ದುಂದುಗಾರ ಮಗನಿಗೆ ಅಪ್ಪ ‘ನಿನ್ನ ಕೈಲಿ ಟೈಲ್ಸ್ ಮನೆ ಕಟ್ಟೋಕಾಗಲ್ಲ’ ಅಂದನಂತೆ, ಮಗ ಹಟ ಹಿಡಿದು ಕಟ್ಟಿದನಂತೆ. ಗೈಡುಗಳಿಗೆ ಈ ಕಥೆಯೇ ಇಷ್ಟ. ನನಗೆ ಕೌಂಟೆಸ್ ಮಾತೇ ಸರಿ ಅನ್ನಿಸುತ್ತದೆ.

ಪಕ್ಕದ ಓಣಿಯ ಹೆಸರೂ ‘ಕೌಂಟೆಸ್ ಓಣಿ’. ಎರಡು ಕಡೆಯಿಂದ ಇಬ್ಬರು ಶ್ರೀಮಂತರ ಸಾರೋಟು ಬಂದು ಎದುರುಬದುರಾದವಂತೆ. ಹಿಂದೆ ಸರಿಯಲು ಇಬ್ಬರೂ ಒಪ್ಪಲಿಲ್ಲ. ಮೂರು ದಿನ ಹಾಗೇ ನಿಂತರು, ಕೊನೆಗೆ ವೈಸ್‌ರಾಯ್ ಹೇಳಿ ಕಳಿಸಿ ಇಬ್ಬರನ್ನೂ ಹಿಂದೆ ಸರಿಸಿದ ಅಂತ ಕಥೆ. ಓಣಿಯ ಅಗಲ ಒಮ್ಮೆ ನೋಡಿ, ನಂಬಬಹುದು ಅನ್ನಿಸುತ್ತೆ.

ಈಗ ಬಾಗಿಲು. ಇಂಥ ಮನೆಗಳ ದೊಡ್ಡ ಬಾಗಿಲು ದಾಟಿದರೆ ಸಿಗುವ ಹಜಾರಕ್ಕೆ ‘ಸಗ್ವಾನ್’ ಎನ್ನುತ್ತಾರೆ. ಸಾರೋಟು ಒಳಗೆ ಬರಲೆಂದೇ ಅದು ಅಷ್ಟು ಅಗಲ. ಬೀದಿ ಕಡೆಯ ಕೋಣೆಗಳನ್ನು ಅಂಗಡಿಗೆ ಬಾಡಿಗೆ ಕೊಡುತ್ತಿದ್ದರು. ಕೆಳಗಿನ ಅಂಗಳ ಕುದುರೆ, ಆಳುಕಾಳು, ಸಾಮಾನುಗಳದ್ದು. ಮನೆಯವರ ಬದುಕೆಲ್ಲ ಮಹಡಿ ಮೇಲೆ. ಹಾಗಾಗಿ ನಿಜವಾದ ಹೊಸ್ತಿಲು ಬೀದಿ ಬಾಗಿಲಲ್ಲ, ಮೆಟ್ಟಿಲು.

ಈ ಮನೆಯಲ್ಲಿ ಅಂಗಳಕ್ಕೆ ಈಗ ಗಾಜಿನ ಸೂರಿದೆ, ಕೆಳಗೆ ಹೋಟೆಲಿನ ಮೇಜುಗಳು. ಒಂದು ಕಾಫಿ ಹೇಳಿ ಕೂತುಕೊಳ್ಳಿ. ಕಾರಂಜಿ, ಸಪೂರ ಕಲ್ಲಿನ ಕಂಬಗಳು, ಗೋಡೆ ಮೇಲೆ ನವಿಲಿನ ಚಿತ್ರ. ನವಿಲು ಹಳೇದಲ್ಲ, ಹೋಟೆಲ್ ಕಾಲದ್ದು. ಯಾವುದು ಯಾವ ಕಾಲದ್ದು ಅಂತ ಹೀಗೆ ಬಿಡಿಸಿಕೊಳ್ಳುತ್ತಾ ಹೋಗಿ.

ಆಮೇಲೆ ಮೆಟ್ಟಿಲ ಹತ್ತಿರ ನಿಲ್ಲಿ. ಇಲ್ಲಿ ನಿಧಾನ ಮಾಡಿ. 1826ರಲ್ಲಿ ಮೆಕ್ಸಿಕೋ ಕೌಂಟ್, ಮಾರ್ಕ್ವಿಸ್ ಪದವಿಗಳನ್ನೆಲ್ಲ ರದ್ದು ಮಾಡಿತು. ಎರಡು ವರ್ಷ ಕಳೆದು, 1828ರ ಡಿಸೆಂಬರ್ ದಂಗೆಯ ಗಲಾಟೆಯಲ್ಲಿ, ಒಬ್ಬ ಸೇನಾಧಿಕಾರಿ ಒಳಗೆ ನುಗ್ಗಿ ಮಾಜಿ ಕೌಂಟ್‌ನನ್ನು ಇದೇ ಮೆಟ್ಟಿಲ ಮೇಲೆ ಇರಿದು ಕೊಂದ. ಹೊರಗಿನವರು ಯಾರೂ ಕೇಳದೆ ಕಾಲಿಡದಿದ್ದ ಜಾಗ ಅದು. ಮುಂದೆ ಮನೆ ಜಾಕಿ ಕ್ಲಬ್ ಆಯಿತು, ಅದೂ ಹಣವಂತರದ್ದೇ. 1915ರಲ್ಲಿ, ಮೆಕ್ಸಿಕೋ ಕ್ರಾಂತಿಯ ನಡುವೆ, ಸ್ವಲ್ಪ ಕಾಲ ಕಾರ್ಮಿಕರ ಸಂಘಟನೆಯೊಂದು ಇಲ್ಲಿ ಸೇರಿಕೊಂಡಿತು. 1919ರಲ್ಲಿ ಸ್ಯಾನ್‌ಬಾರ್ನ್ಸ್ ಹೋಟೆಲ್ ಮತ್ತು ಅಂಗಡಿ ಬಂತು. ಮೆಟ್ಟಿಲ ಗೋಡೆಯ ದೊಡ್ಡ ಚಿತ್ರ ಹೊಸೆ ಕ್ಲೆಮೆಂತೆ ಒರೋಸ್ಕೋ 1925ರಲ್ಲಿ ಬರೆದದ್ದು, ‘ಒಮ್ನಿಸಿಯೆನ್ಸಿಯಾ’, ಅಂದರೆ ಸರ್ವಜ್ಞತೆ. ಈಗ ಆ ಮೆಟ್ಟಿಲನ್ನು ಯಾರು ಬೇಕಾದರೂ ಹತ್ತಬಹುದು. ಹತ್ತಿ, ಮೇಲಿಂದ ಅಂಗಳ ನೋಡಿ. ಮನೆಯವರಿಗೆ ಕೆಳಗಿನ ಓಡಾಟವೆಲ್ಲ ಹೇಗೆ ಕಾಣುತ್ತಿತ್ತು ಅಂತ ಆಗ ಗೊತ್ತಾಗುತ್ತದೆ.

ಒಂದೇ ಮನೆ ನೋಡಿ ನಿಲ್ಲಿಸಬೇಡಿ. ಅದೇ ಬೀದಿಯಲ್ಲಿ ಇತುರ್ಬಿದೆ ಅರಮನೆಯ ಅಂಗಳಕ್ಕೆ ಒಂದು ಸುತ್ತು ಹಾಕಿ. ಆಮೇಲೆ ದೊಡ್ಡ ಚೌಕ ಸೋಕಲೋ ದಾಟಿ ಬಲಕ್ಕೆ, ಪಿನೋ ಸ್ವಾರೆಸ್ ಬೀದಿಗೆ ಬನ್ನಿ. ಅಲ್ಲಿನ ಕಲಿಮಾಯಾ ಕೌಂಟರ ಮನೆ ಈಗ ನಗರದ ಮ್ಯೂಸಿಯಂ. ಒಳಗೆ ಹೋಗುವ ಮುಂಚೆ ಕಟ್ಟಡದ ಮೂಲೆಯಲ್ಲಿ ಬಗ್ಗಿ ನೋಡಿ. ನೆಲಕ್ಕೆ ತಾಗಿದಂತೆ ಒಂದು ದೊಡ್ಡ ಕಲ್ಲಿನ ಹಾವಿನ ತಲೆ. ಸ್ಪ್ಯಾನಿಷರು ಬರುವ ಮುಂಚೆ ಇಲ್ಲಿ ಆಳುತ್ತಿದ್ದ ಅಜ್ಟೆಕ್ ಜನರ ಕೆತ್ತನೆ ಅದು, ಗೆದ್ದ ಸ್ಪ್ಯಾನಿಷರು ಮೂಲೆಗಲ್ಲು ಮಾಡಿಕೊಂಡರು. ನನ್ನ ಮಟ್ಟಿಗೆ ಊರಲ್ಲಿ ಇದಕ್ಕಿಂತ ಮುಖ್ಯವಾದ ಕಲ್ಲಿಲ್ಲ. ಹಾವಿನ ಮೇಲಿನ ಕೆಂಪು ಗೋಡೆಯನ್ನು ಕೈಯಿಂದ ಸವರಿ. ತೂತುತೂತಾದ ಆ ಕಲ್ಲು ತೆಸೋಂತ್ಲೆ, ಜ್ವಾಲಾಮುಖಿಯದ್ದು, ಹಗುರ. ಈ ಊರು ನಿಂತಿರುವುದೇ ಹಳೇ ಕೆರೆಯ ಕೆಸರಿನ ಮೇಲೆ, ಭಾರದ ಕಲ್ಲು ಇಟ್ಟಷ್ಟೂ ಮನೆ ಕುಸಿಯುತ್ತದೆ.

ಸೂರಿನ ಅಂಚಲ್ಲಿ ಮಳೆನೀರಿನ ತೂಬುಗಳು ಫಿರಂಗಿ ಆಕಾರದಲ್ಲಿವೆ. ಒಳಗಿನ ಕಾರಂಜಿಯಲ್ಲಿ ಗಿಟಾರ್ ಹಿಡಿದ ಮತ್ಸ್ಯಕನ್ಯೆ ಇದ್ದಾಳೆ. ಮ್ಯೂಸಿಯಂ ಆಗುವ ಮುಂಚೆ ಈ ಅರಮನೆ ವಠಾರವಾಗಿತ್ತು, ಬಡ ಸಂಸಾರಗಳು ಕೋಣೆ ಬಾಡಿಗೆಗೆ ಹಿಡಿದು ಬದುಕಿದ್ದವು. ಅಂಗಳದಲ್ಲಿ ನಿಂತಾಗ ಕೌಂಟರ ಜೊತೆ ಅವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸೋಮವಾರ ಮಾತ್ರ ಹೋಗಬೇಡಿ, ಮ್ಯೂಸಿಯಂಗೆ ರಜೆ.