ಇಂಗ್ಲಿಷ್ ಬರವಣಿಗೆಗೆ ಕನ್ನಡ ಟಿಪ್ಪಣಿ: ನನ್ನ ಅನುಭವ

ವಿದೇಶಿ ವಿಶ್ವವಿದ್ಯಾಲಯಕ್ಕೆ ಬೇಕಾದ ಇಂಗ್ಲಿಷ್ ಬರವಣಿಗೆಯನ್ನು ಕನ್ನಡ ಟಿಪ್ಪಣಿಗಳ ಮೂಲಕ ಕಲಿಯುತ್ತೇನೆ ಎಂದಾಗ ಮುಂಬಯಿ ಬಳಿಯ ಡೊಂಬಿವಲಿಯ ಗೆಳೆಯರಲ್ಲಿ ಯಾರೂ ಒಪ್ಪಲಿಲ್ಲ. ಮಾಟುಂಗದ ಚಿಕ್ಕಪ್ಪನಂತೂ, "ಪರೀಕ್ಷೆ ಮುಗಿಯುವವರೆಗೆ ಕನ್ನಡ ಪೇಪರನ್ನೂ ಮುಟ್ಟಬೇಡ ಮಾರಾಯಾ" ಎಂದು ಎಚ್ಚರಿಸಿದರು. ಕೊನೆಗೆ ವಿದೇಶಿ ವಿಶ್ವವಿದ್ಯಾಲಯಗಳು ಕೇಳುವ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಬರವಣಿಗೆಯಲ್ಲಿ ನನಗೆ 9ಕ್ಕೆ 7 ಬಂತು. ಈಗ ಅವರ ಮಗಳು ಇದೇ ಕ್ರಮದಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ.

ನೀರು ಶುದ್ಧೀಕರಣದ ಸ್ನಾತಕೋತ್ತರ ಪದವಿಗೆ ಬ್ರಿಟನ್ನಿನ ವಿಶ್ವವಿದ್ಯಾಲಯವೊಂದು ನನಗೆ ಷರತ್ತಿನ ಪ್ರವೇಶ ನೀಡಿತ್ತು: ಒಟ್ಟು 6.5, ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಕೂಡದು. ಆಲಿಸುವಿಕೆ, ಓದು ಎರಡೂ 7 ದಾಟಿದರೂ ಬರವಣಿಗೆ 5.5ರಲ್ಲಿ ನಿಂತಿತು, ಮತ್ತೆ ಬರೆದಾಗಲೂ ಅಷ್ಟೇ. ಪರೀಕ್ಷೆಯ ಶುಲ್ಕ ಆಗ ಪ್ರತಿ ಸಲವೂ ಸುಮಾರು 17,000 ರೂಪಾಯಿ ಇತ್ತು, ಠಾಣೆಯ ಕೋಚಿಂಗ್ ಕ್ಲಾಸಿಗೆ ಕಟ್ಟಿದ್ದು 25,000ದ ಹತ್ತಿರ. ಆ ಕ್ಲಾಸಿನಲ್ಲಿ ಯಾವ ವಿಷಯಕ್ಕಾದರೂ ಹೊಂದಿಸಬಹುದಾದ ಸಿದ್ಧ ವಾಕ್ಯಗಳನ್ನು ಬಾಯಿಪಾಠ ಮಾಡಿಸಿದರು. ಪರೀಕ್ಷಕರು ಅಂಥ ವಾಕ್ಯಗಳನ್ನು ಸುಲಭವಾಗಿ ಗುರುತಿಸುತ್ತಾರೆ, ಅವುಗಳಿಗೆ ಅಂಕವಿಲ್ಲ. ಮರುಮೌಲ್ಯಮಾಪನಕ್ಕೂ ಹಣ ಕಟ್ಟಿದೆ. ಅಂಕ ಬದಲಾದರೆ ಆ ಹಣ ಹಿಂದಿರುಗುತ್ತದೆ, ನನಗೆ ಹಿಂದಿರುಗಲಿಲ್ಲ. ಉಳಿದ ದಾರಿ ಎಂದರೆ ಅಲ್ಲಿಗೇ ಹೋಗಿ ಸುಮಾರು 10 ವಾರಗಳ ಪ್ರಿ-ಸೆಷನಲ್ ಕೋರ್ಸ್, ಅಂದರೆ ಪದವಿ ತರಗತಿ ಶುರುವಾಗುವ ಮೊದಲಿನ ಇಂಗ್ಲಿಷ್ ತರಬೇತಿ, ಮಾಡುವುದು. ಊಟ, ವಸತಿ ಸೇರಿಸಿ ಲೆಕ್ಕ ಹಾಕಿದರೆ ಅದು 6 ಲಕ್ಷ ದಾಟುತ್ತಿತ್ತು.

ಆಗ ಕ್ಲಾಸು ಬಿಟ್ಟು ನನ್ನದೇ ಕ್ರಮ ಹಿಡಿದೆ. ನನ್ನ ವಿಷಯದ ಸಂಶೋಧನಾ ಲೇಖನದಿಂದ ಒಂದು ಪ್ಯಾರಾ ಆರಿಸಿ, ಅದರ ವಾದವೇನು, ಆಧಾರವೇನು, ಆ ವಾದ ಎಲ್ಲಿಯವರೆಗೆ ಮಾತ್ರ ನಿಲ್ಲುತ್ತದೆ ಎಂಬ ಮೂರನ್ನು ಕನ್ನಡದಲ್ಲಿ ಮೂರು ನಾಲ್ಕು ಸಾಲುಗಳಲ್ಲಿ ಬರೆದು ಮೂಲವನ್ನು ಮುಚ್ಚಿಡುತ್ತಿದ್ದೆ. ಒಂದೆರಡು ದಿನ ಕಳೆದ ಮೇಲೆ ಆ ಟಿಪ್ಪಣಿಯನ್ನಷ್ಟೇ ಎದುರಿಗಿಟ್ಟುಕೊಂಡು ಇಂಗ್ಲಿಷಿನಲ್ಲಿ ಪ್ಯಾರಾ ಕಟ್ಟಿ, ಬಳಿಕ ಮೂಲದ ಜೊತೆ ಸಾಲು ಸಾಲಾಗಿ ಹೋಲಿಸುತ್ತಿದ್ದೆ. ಟಿಪ್ಪಣಿ ಇಂಗ್ಲಿಷಿನಲ್ಲಿದ್ದರೆ ಮೂಲ ಲೇಖಕರ ಪದಗಳೇ ಕೈಗೆ ಬರುತ್ತವೆ, ವಿಶ್ವವಿದ್ಯಾಲಯದಲ್ಲಿ ಅದು ಕೃತಿಚೌರ್ಯವಾಗುತ್ತದೆ. ನಡುವೆ ಕನ್ನಡ ಬಂದಾಗ ಪದಗಳೆಲ್ಲ ಕಳಚಿ ವಾದವೊಂದೇ ಉಳಿಯುತ್ತದೆ, ವಾಕ್ಯವನ್ನು ನಾವೇ ಕಟ್ಟಬೇಕಾಗುತ್ತದೆ.

ಹೋಲಿಕೆಯಿಂದ ಸಿಕ್ಕ ಪಾಠ ಯಾವ ಕೋಚಿಂಗ್ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಕೊಳವೆಬಾವಿ ನೀರಿನ ಫ್ಲೋರೈಡ್ ಕುರಿತ ಪ್ಯಾರಾದಲ್ಲಿ ನನ್ನ ಸಾಲು 'ಇದೇ ಕಾರಣ' ಎಂದು ತೀರ್ಪು ಕೊಟ್ಟಿದ್ದರೆ, ಮೂಲ ಲೇಖಕರು 'ಈ ಮಾದರಿಗಳ ಮಟ್ಟಿಗೆ ಇದು ಕಾರಣವಾಗಿರಬಹುದು' ಎಂದು ನಿಲ್ಲಿಸಿದ್ದರು. ಹಾಗೆಯೇ, ಅವರು ಹೊಸ ವಾಕ್ಯವನ್ನು ಹಿಂದಿನ ವಾಕ್ಯದಲ್ಲಿ ಆಗಲೇ ಬಂದ ಸಂಗತಿಯಿಂದ ಆರಂಭಿಸುತ್ತಾರೆ; 'ಮೊದಲನೆಯದಾಗಿ, ಅಲ್ಲದೆ, ಕೊನೆಯದಾಗಿ' ಎಂದು ಪೋಣಿಸುವುದು ತೀರಾ ಕಡಿಮೆ. ಈ ಎರಡು ರೂಢಿಯಾದ ಮೇಲೆಯೇ ನನ್ನ ಬರವಣಿಗೆ ಏರಿತೆಂದು ದೃಢವಾಗಿ ಹೇಳಬಲ್ಲೆ. ಬರವಣಿಗೆ ವಿಭಾಗದ ಎರಡು ಪ್ರಶ್ನೆಗಳಲ್ಲಿ ಎರಡನೆಯ ಪ್ರಶ್ನೆಯ ಪ್ರಬಂಧಕ್ಕೆ ಮೊದಲ ಪ್ರಶ್ನೆಯ ಎರಡರಷ್ಟು ತೂಕವಿರುವುದರಿಂದ ನನ್ನ ಸಮಯವನ್ನೆಲ್ಲ ಅದಕ್ಕೇ ಸುರಿದೆ.

ಇದರ ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ನ್ಯೂಜಿಲೆಂಡಿನ ಏವರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ 570 ಪದಕುಟುಂಬಗಳ (ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳು) ಶೈಕ್ಷಣಿಕ ಪದಪಟ್ಟಿಯನ್ನು ಕಾರ್ಡುಗಳಲ್ಲಿ ಬರೆದು ಉರು ಹೊಡೆದೆ. ಓದುವಾಗ ಅವು ಗುರುತು ಸಿಕ್ಕವು, ಬರೆಯುವಾಗ ಒಂದೂ ಕೈಗೆ ಬರಲಿಲ್ಲ. ಪಟ್ಟಿಯ ಪದ ನನ್ನ ಪ್ಯಾರಾಗಳಲ್ಲಿ ಎದುರಾದಾಗ ಮಾತ್ರ ಗುರುತು ಹಾಕತೊಡಗಿದ ಮೇಲೆ ನೂರೈವತ್ತು, ಇನ್ನೂರರಷ್ಟು ಪದಗಳು ನಿಜವಾಗಿ ನನ್ನವಾದವು. ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿವರೆಗಿನ ಲೋಕಲ್‌ನಲ್ಲಿ ಉಪನ್ಯಾಸಗಳನ್ನೂ ಕೇಳಿದೆ. ಬೆಳಗಿನ ಗರ್ದಿಯಲ್ಲಿ ಪೆನ್ನು ಹಿಡಿಯಲು ಜಾಗವಿರುವುದಿಲ್ಲವಾದ್ದರಿಂದ ಆಫೀಸು ತಲುಪಿದೊಡನೆ ನೆನಪಿನಿಂದ ಐದು ಅಂಶಗಳನ್ನು ಬರೆಯುತ್ತಿದ್ದೆ. ವೇಗ ಹೆಚ್ಚಿಸಿ ಕೇಳುವುದು ಏನೂ ಫಲ ನೀಡಲಿಲ್ಲ. ದಿನಕ್ಕೊಂದು ದೇಶದ ಉಚ್ಚಾರವನ್ನು ಕೇಳಿದ್ದು ಫಲ ನೀಡಿತು.

ಪರೀಕ್ಷೆಗೆ ಮುಂಚಿನ ಎರಡು ವಾರ ಇದೇ ಟಿಪ್ಪಣಿಗಳನ್ನು ಇನ್ನೊಂದು ಬಗೆಯಲ್ಲಿ ಬಳಸಿದೆ. ಆ ಬಗೆಯನ್ನು ಭಾನುವಾರ ನನ್ನ ಬಳಿ ಕಲಿಯಲು ಬರುವವರಿಗೆಂದು ಇಟ್ಟುಕೊಂಡಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಒಂದೇ ವಿಭಾಗದಲ್ಲಿ ಸಿಕ್ಕಿಕೊಂಡವರು ಮೊದಲ ಪರೀಕ್ಷೆಯ 60 ದಿನಗಳೊಳಗೆ ಆ ವಿಭಾಗವನ್ನಷ್ಟೇ ಮರಳಿ ಬರೆಯುವ ಸೌಲಭ್ಯ ಕಂಪ್ಯೂಟರ್ ಮಾದರಿಯಲ್ಲಿದೆ. ಆದರೆ ಆ ಫಲಿತಾಂಶವನ್ನು ನಿಮ್ಮ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಹಣ ಕಟ್ಟುವ ಮೊದಲೇ ಪತ್ರ ಬರೆದು ಕೇಳಿಕೊಳ್ಳಿ. ಪ್ಯಾರಾ ಆರಿಸುವಾಗ ಲೇಖನದ ಪೀಠಿಕೆ ಬೇಡ, ಫಲಿತಾಂಶಗಳ ಚರ್ಚೆಯ ಭಾಗವನ್ನೇ ತೆಗೆದುಕೊಳ್ಳಿ. ವಾದ, ಆಧಾರ, ಮಿತಿ ಮೂರೂ ಒಟ್ಟಿಗೆ ಸಿಗುವುದು ಅಲ್ಲಿಯೇ.