ಯೋಗ ಶುರುವಾದ ಮೇಲೆ ಬಾಡೂಟ: ನನ್ನ ಅನುಭವ

ಯೋಗ ಮಾಡ್ತೀನಿ ಅಂದ ಕೂಡಲೇ ಜನ ಕೇಳೋದು ಒಂದೇ ಮಾತು: "ಹಾಗಾದ್ರೆ ಬಾಡು ಬಿಟ್ರಾ?" ಹೌದು, ಬಿಟ್ಟಿದ್ದೇನೆ. ಆದರೆ ಯಾರೋ ಹೇಳಿದರು ಅಂತ ಬಿಟ್ಟಿದ್ದಲ್ಲ, ಒಂದೇ ಸಲಕ್ಕೆ ಬಿಟ್ಟಿದ್ದೂ ಅಲ್ಲ. ಮಂಡ್ಯ ಕಡೆಯ ಒಕ್ಕಲು ಮನೆ ನಮ್ಮದು. ಹೊಸತೊಡಕು, ಮಾರಿಹಬ್ಬ, ಪಿತೃಪಕ್ಷ ಯಾವುದೂ ಬಾಡಿಲ್ಲದೆ ಆಗುವುದಿಲ್ಲ. ಇಂಥ ಮನೆಯಲ್ಲಿದ್ದು ಯೋಗ ಹಿಡಿದವರು ಇನ್ನೂ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬದಲಾಗಿದ್ದು ಊಟದ ಹೊತ್ತು. ನಾನು ಅಭ್ಯಾಸ ಮಾಡುವುದು ಬೆಳಗಿನ ಜಾವ, ಖಾಲಿ ಹೊಟ್ಟೆಯಲ್ಲಿ. ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನ, ಸೊಂಟ ತಿರುಚುವ ಮರೀಚ್ಯಾಸನ, ಇವುಗಳಲ್ಲಿ ಹಿಂದಿನ ರಾತ್ರಿ ಏನು ಉಂಡಿದ್ದೇವೆ ಅನ್ನೋದು ಗೊತ್ತಾಗಿಬಿಡುತ್ತದೆ. ರಾತ್ರಿ ತಡವಾಗಿ ಮಟನ್ ಸಾರು, ಮುದ್ದೆ ಉಂಡಿದ್ದರೆ, ಬೆಳಿಗ್ಗೆ ತೊಡೆ ಹೊಟ್ಟೆಗೆ ಒತ್ತಿದಾಗ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಹುಳಿತೇಗು ಬೇರೆ. ಕೊಬ್ಬು ಜಾಸ್ತಿ ಇರುವ ಊಟ ಕರಗಲು ತಡವಾಗುತ್ತದೆ, ಅಷ್ಟೇ ವಿಷಯ. ಬಾಡೂಟವನ್ನು ಮಧ್ಯಾಹ್ನಕ್ಕೆ ತಂದೆ. ಉಸಿರು ಹಗುರಾಯಿತು.

ಆಮೇಲೆ ಎಷ್ಟು ಉಣ್ಣಬೇಕು ಅನ್ನೋದು. ಮಿತಾಹಾರ ಅಂದರೆ ಹೊಟ್ಟೆಯ ಕಾಲು ಭಾಗ ಖಾಲಿ ಬಿಡುವುದು ಅಂತ 15ನೇ ಶತಮಾನದ ಸ್ವಾತ್ಮಾರಾಮ 'ಹಠಯೋಗ ಪ್ರದೀಪಿಕೆ'ಯಲ್ಲಿ ಹೇಳುತ್ತಾನೆ. ನಾನು ಮುದ್ದೆಯ ಗಾತ್ರ ಕಮ್ಮಿ ಮಾಡಿದೆ, ಎರಡನೇ ಸಲ ಬಡಿಸಿಕೊಳ್ಳುವುದು ನಿಲ್ಲಿಸಿದೆ. ನಿಜ ಹೇಳಬೇಕಂದ್ರೆ, ಆಸನಕ್ಕೆ ಬಾಡು ಬಿಟ್ಟಿದ್ದಕ್ಕಿಂತ ಇದೇ ಜಾಸ್ತಿ ಅನುಕೂಲವಾಯಿತು.

ಯೋಗಿಗೆ ಮಾಂಸ ನಿಷೇಧ ಅನ್ನುವವರು ಈ ಪುಸ್ತಕದ ಕಡೆಗೇ ಕೈ ತೋರಿಸುತ್ತಾರೆ. ಹೌದು, ಮೀನು, ಆಡಿನ ಮಾಂಸ, ಹೆಂಡ ಅಪಥ್ಯ ಅಂತ ಅದರಲ್ಲಿದೆ. ಆದರೆ ಅದೇ ಶ್ಲೋಕವನ್ನು ಪೂರ್ತಿ ಓದಿ. ಎಳ್ಳು, ಸಾಸಿವೆ, ಮೊಸರು, ಮಜ್ಜಿಗೆ, ಹುರುಳಿ, ಇಂಗು, ಬೆಳ್ಳುಳ್ಳಿ, ಹುಳಿ, ಖಾರ, ಉಪ್ಪು, ಸೊಪ್ಪು ಎಲ್ಲವೂ ಅದೇ ಸಾಲಿನಲ್ಲಿವೆ! ಅಂದರೆ ಒಗ್ಗರಣೆಯೂ ಹೋಯಿತು, ಹುರುಳಿ ಸಾರೂ ಹೋಯಿತು. ನಿನ್ನೆಯ ಸಾರನ್ನು ಬಿಸಿ ಮಾಡಿಕೊಂಡು ಉಣ್ಣುವುದೂ ಅಲ್ಲಿ ಅಹಿತ. ಪಥ್ಯದ ಪಟ್ಟಿಯಲ್ಲಿ ಗೋಧಿ, ಅಕ್ಕಿ, ಹೆಸರು, ಹಾಲು, ತುಪ್ಪ ಇವೆ. ರಾಗಿಯ ಹೆಸರೇ ಇಲ್ಲ. ಪುಟ್ಟ ಕುಟೀರದಲ್ಲಿ ಒಬ್ಬನೇ ಕೂತು ಸಾಧನೆ ಮಾಡುವವನಿಗೆ ಬರೆದ ಮಾತು ಅದು. ಅದರಲ್ಲಿ ಮಾಂಸವೊಂದನ್ನೇ ಹೆಕ್ಕಿ ಇನ್ನೊಬ್ಬರ ತಟ್ಟೆಗೆ ಬೆರಳು ತೋರಿಸುವುದು ಸರಿಯಲ್ಲ.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಪತಂಜಲಿಯ ಯೋಗಸೂತ್ರ. ಯೋಗಿ ಪಾಲಿಸಬೇಕಾದ ಯಮಗಳಲ್ಲಿ, ಅಂದರೆ ಸಂಯಮದ ನಿಯಮಗಳಲ್ಲಿ, ಮೊದಲನೆಯದು ಅಹಿಂಸೆ. ಅದರ ಮುಂದಿನ ಸೂತ್ರ, ಜಾತಿ, ಜಾಗ, ಕಾಲ, ಸಂದರ್ಭ ಯಾವುದರ ವಿನಾಯಿತಿಯೂ ಇಲ್ಲದೆ ಪಾಲಿಸಿದರೆ ಅದು ಮಹಾವ್ರತ ಅನ್ನುತ್ತದೆ. ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯದಲ್ಲಿ ವಿನಾಯಿತಿಗೆ ಉದಾಹರಣೆಗಳಿವೆ: ಬೆಸ್ತ ಮೀನನ್ನು ಮಾತ್ರ ಕೊಲ್ಲುತ್ತಾನೆ, ಇನ್ನೊಬ್ಬ ತೀರ್ಥಕ್ಷೇತ್ರದಲ್ಲಿ ಕೊಲ್ಲುವುದಿಲ್ಲ, ಮತ್ತೊಬ್ಬ ಚತುರ್ದಶಿಯ ದಿನ ಕೊಲ್ಲುವುದಿಲ್ಲ. ಸೋಮವಾರ ತಿನ್ನಲ್ಲ, ಶ್ರಾವಣದಲ್ಲಿ ತಿನ್ನಲ್ಲ ಅನ್ನುವ ನಮ್ಮನೆ ಲೆಕ್ಕವೂ ಇದೇ ಅಲ್ವಾ? ಅದನ್ನು ಓದಿದ ಮೇಲೆ ಭಾನುವಾರ ಕೋಳಿ ಅಂಗಡಿ ಮುಂದೆ ಚೀಲ ಹಿಡಿದು ನಿಂತಾಗ, ತಕ್ಕಡಿಯ ಮೇಲೆ ರೆಕ್ಕೆ ಬಡಿಯುವ ಸದ್ದನ್ನು ಕೇಳದ ಹಾಗೆ ಇರಲು ಆಗಲಿಲ್ಲ. ಮಟನ್ ಮೊದಲೇ ಕಮ್ಮಿಯಾಗಿತ್ತು. ಕೋಳಿ ನಿಂತಿತು, ಕೊನೆಗೆ ಮೀನು.

ಬಿಟ್ಟವಳು ನಾನು, ಮನೆಯವರಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಮಟನ್ ಸಾರು ಮಾಡುವುದು ಈಗಲೂ ನಾನೇ. ಬಿಡುತ್ತೇನೆ ಅಂದಾಗ ಅತ್ತೆ ಕೇಳಿದ್ದು ಇಷ್ಟೇ: "ಉಪ್ಪು ಖಾರ ನೋಡೋರ್ಯಾರವ್ವ ಮತ್ತೆ?" ಈಗ ಮಸಾಲೆ ರುಬ್ಬಿ ಕುದಿಯಲು ಇಟ್ಟ ಮೇಲೆ ಸೌಟಿನಲ್ಲಿ ಒಂದಿಷ್ಟು ತೆಗೆದು ಅವರ ಅಂಗೈಗೆ ಹಾಕುತ್ತೇನೆ. ಅವರು ನೆಕ್ಕಿ, "ಇನ್ನೊಂಚೂರು ಹಾಕು" ಅನ್ನುತ್ತಾರೆ. ಇದು ಅಹಿಂಸೆಗೆ ಹೊಂದುತ್ತದೆಯೇ ಅಂತ ಕೇಳಿದವರಿದ್ದಾರೆ. ಪೂರ್ತಿ ಹೊಂದುವುದಿಲ್ಲ. ಆದರೂ ಮನೆಯ ಹಿರಿಯರಿಗೆ ಇಷ್ಟವಾದದ್ದನ್ನು ಮಾಡಿಕೊಡುವುದು ನನಗೆ ಬೇಕು.

ಬಿಡಬೇಕು ಅಂತಿರುವವರು ದೇಹದ ಕಡೆ ಗಮನ ಕೊಡಿ. ಬರೀ ಅನ್ನ ತಿಳಿಸಾರು ಉಂಡರೆ ಅಭ್ಯಾಸಕ್ಕೆ ಕಸುವು ಸಾಲದು. ಹುರುಳಿ, ಅವರೆ, ಹೆಸರುಕಾಳು, ಕಡಲೆಬೀಜ ದಿನಾ ಇರಲಿ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಅಪಥ್ಯ ಅಂದರೂ ನಾನದನ್ನು ಬಿಟ್ಟಿಲ್ಲ. ಬಿ 12 ವಿಟಮಿನ್ ಮಾತ್ರ ಕಾಳು, ತರಕಾರಿಯಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆಯಲ್ಲಿದೆ. ಕೈಕಾಲು ಜೋಮು ಹಿಡಿಯುವುದು, ಸುಮ್‌ಸುಮ್ನೆ ಸುಸ್ತಾಗುವುದು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ ಹತ್ತಿರ ಕೇಳಿ. ನಾನು ಮೊಟ್ಟೆಯನ್ನು ಇನ್ನೂ ಬಿಟ್ಟಿಲ್ಲ. ಬಿಡಬೇಕೋ ಬೇಡವೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.