ನಾಯಿಗೆ ಮೀನು ಹಾಕೋದಾದರೆ ಬೂತಾಯಿಯಿಂದ ಶುರು ಮಾಡಿ

ನಮ್ಮ ನಾಯಿ ಕೆಂಚ ಬೀದಿಯಿಂದ ಬಂದವನು, ಈಗ 20 ಕೆಜಿ ಇದ್ದಾನೆ. ಅವನಿಗೆ ಮೀನು ರುಚಿ ಹತ್ತಿಸಿದ ಮೊದಲ ದಿನ ನಾನು ಒಂದು ಇಡೀ ಬಂಗುಡೆ ಬೇಯಿಸಿ ಹಾಕಿಬಿಟ್ಟೆ. ಎರಡೇ ಗುಕ್ಕಿಗೆ ಖಾಲಿ. ರಾತ್ರಿ ಎರಡು ಗಂಟೆಗೆ ಮೆಟ್ಟಿಲ ಮೇಲೆಲ್ಲ ಭೇದಿ, ಕೆಳಗಿನ ಮನೆಯಲ್ಲಿರುವ ಓನರ್ ಆಂಟಿ ಮೊಟ್ಟೆಯನ್ನೂ ಮುಟ್ಟದವರು. ಬಕೆಟ್ ಹಿಡಿದು ತೊಳೆಯುತ್ತಾ ಕಲಿತದ್ದು ಇಷ್ಟು: ಮೊದಲ ಮೂರು ದಿನ ಒಂದು ಚಮಚ ಮೀನು ಸಾಕು. ಮಾಮೂಲಿ ಅನ್ನದಲ್ಲೋ ಪೆಡಿಗ್ರಿಯಲ್ಲೋ ಕಲಸಿ ಕೊಡಿ, ಮಲ ಗಟ್ಟಿಯಾಗಿದ್ದರೆ ಮಾತ್ರ ಮುಂದಕ್ಕೆ ಹೋಗಿ.

ಯಾವ ಮೀನು? ನನ್ನ ಕೇಳಿದರೆ ಬೂತಾಯಿ, ಕೆಲವರು ಮತ್ತಿ ಅಂತಾರಲ್ಲ, ಅದು. ಅಗ್ಗ, ಎಣ್ಣೆ ಜಾಸ್ತಿ, ಮತ್ತೆ ಚಿಕ್ಕ ಮೀನು. ಈ ಚಿಕ್ಕದು ಅನ್ನೋದೇ ಮುಖ್ಯ. ದೊಡ್ಡ ಮೀನು ಸಣ್ಣ ಮೀನನ್ನು ತಿಂದು ತಿಂದು ವರ್ಷಗಟ್ಟಲೆ ಬದುಕುವುದರಿಂದ ಅದರ ಮೈಯಲ್ಲಿ ಪಾದರಸ ಸೇರುತ್ತಾ ಹೋಗುತ್ತದೆ. ಹಾಗಾಗಿ ಅಂಜಲ್, ಟ್ಯೂನಾ, ಶಾರ್ಕ್ ನಾಯಿಗೆ ದಿನನಿತ್ಯದ ಊಟ ಆಗಬಾರದು. ಅಷ್ಟು ದುಡ್ಡು ಕೊಟ್ಟು ಅಂಜಲ್ ತಂದರೆ ಅದನ್ನು ನಾವೇ ತಿನ್ನೋದು, ಅಲ್ವಾ? ರೋಹು, ಕಾಟ್ಲಾ ಹಾಕಬಹುದು, ಆದರೆ ನಮಗೆ ಬೇಕಾದ ಒಮೇಗಾ-3, ಅಂದರೆ ನಾಯಿಯ ಚರ್ಮ, ಕೂದಲಿಗೆ ಒಳ್ಳೆಯದಾದ ಕೊಬ್ಬು, ಅದರಲ್ಲಿ ಕಮ್ಮಿ. ಇನ್ನು ಹಸಿ ಮೀನಂತೂ ಬೇಡವೇ ಬೇಡ. ಹುಳುವಿನ ಭಯ ಒಂದು ಕಡೆ, ಜೊತೆಗೆ ಕೆಲವು ಹಸಿ ಮೀನುಗಳಲ್ಲಿ ಬಿ1 ವಿಟಮಿನ್ ಹಾಳುಮಾಡುವ ಅಂಶ ಇರುತ್ತದೆ. ಬೇಯಿಸಿದರೆ ಅದು ಹೋಗುತ್ತದೆ.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೋ ಮಡಿವಾಳಕ್ಕೋ ಬೆಳಿಗ್ಗೆ ಬೇಗ ಹೋಗಿ, ಇಲ್ಲವೇ ನಿಮ್ಮ ಏರಿಯಾದ ಮಂಗಳೂರು ಮೀನಿನ ಅಂಗಡಿ ಸಾಕು. ಜೂನ್, ಜುಲೈನಲ್ಲಿ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ, ಆಗ ರೇಟು ಏರುತ್ತದೆ, ಐಸಿನಲ್ಲಿ ಕೂತ ಮೀನು ಜಾಸ್ತಿ ಬರುತ್ತದೆ. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಹೊಳೀತಿರಬೇಕು. "ನಾಯಿಗೆ ತಾನೇ, ಹಳೇದು ನಡೆಯುತ್ತೆ" ಅಂತ ಅಂಗಡಿಯವರು ಅಗ್ಗಕ್ಕೆ ಕೊಡಲು ಬಂದರೆ ತಗೋಬೇಡಿ. ಬಂಗುಡೆ, ಬೂತಾಯಿ ಸರಿಯಾಗಿ ತಂಪಿನಲ್ಲಿ ಇಡದಿದ್ದರೆ ಅದರಲ್ಲಿ ಅಲರ್ಜಿ ಥರ ತೊಂದರೆ ಕೊಡುವ ಹಿಸ್ಟಮಿನ್ ಹುಟ್ಟಿಕೊಳ್ಳುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ.

ಅಡುಗೆ ಅಂದರೆ ಏನೂ ಇಲ್ಲ. ತಲೆ, ಕರುಳು ತೆಗೆಸಿ ತನ್ನಿ, ತೊಳೆದು ಒಂದು ಲೋಟ ನೀರು ಹಾಕಿ ಕುಕ್ಕರ್ ಕೂಗಿಸಿ, ಆಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಡಿ. ಉಪ್ಪು, ಖಾರ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ, ಹಾಗಾಗಿ ಮನೆಯಲ್ಲಿ ಉಳಿದ ಮೀನು ಸಾರು ಹಾಕುವ ಆಸೆ ಬಿಟ್ಟುಬಿಡಿ. ಒಣ ಮೀನಿನಲ್ಲಿ ಉಪ್ಪು ವಿಪರೀತ, ಅದೂ ಬೇಡ. ಇಷ್ಟು ಬೆಂದರೆ ಬೂತಾಯಿಯ ಮುಳ್ಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ, ಆಗದಿದ್ದರೆ ಇನ್ನೂ ಬೇಯಿಸಿ. ಬಂಗುಡೆಯ ನಡು ಮುಳ್ಳು ಮಾತ್ರ ಕೈಯಿಂದ ತೆಗೆಯಲೇಬೇಕು. ಬೆಂದ ನೀರು ಚೆಲ್ಲಬೇಡಿ, ರಾಗಿ ಗಂಜಿಗೆ ಬೆರೆಸಿದರೆ ಕೆಂಚ ತಟ್ಟೆಯನ್ನೇ ನೆಕ್ಕಿ ಸವೆಸುತ್ತಾನೆ. ಇನ್ನೊಂದು ಮಾತು, ಕುಕ್ಕರಿಗೆ ಬೇರೆ ಗ್ಯಾಸ್ಕೆಟ್ ಇಟ್ಟುಕೊಳ್ಳಿ, ಇಲ್ಲವಾದರೆ ನಾಳೆಯ ತಿಳಿಸಾರೂ ಮೀನು ಮೀನು.

ಕೆಂಚನಿಗೆ ನಾನು ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಬೂತಾಯಿ ಹಾಕುತ್ತೇನೆ. ಆ ದಿನ ಬೇರೆ ಊಟ ಸ್ವಲ್ಪ ಕಮ್ಮಿ, ಇಲ್ಲವಾದರೆ ಹೊಟ್ಟೆ ಬರುತ್ತದೆ. ನಿಮ್ಮದು ಪಗ್ ಥರ ಚಿಕ್ಕ ನಾಯಿಯಾದರೆ ಒಂದು ಮೀನು ಸಾಕು.

ಈಗ ಮೀನೆಣ್ಣೆಗೆ ಬರೋಣ. ಮನೆಯಲ್ಲಿ ಮೀನು ಬೇಯಿಸಲು ಆಗದವರಿಗೆ ಇದೇ ದಾರಿ, ಆದರೆ ಎಲ್ಲರೂ ಎಡವುವುದೂ ಇಲ್ಲೇ. ಡಬ್ಬಿಯ ಮುಂದೆ ದೊಡ್ಡದಾಗಿ 1000 ಮಿಲಿಗ್ರಾಂ ಅಂತ ಇರುತ್ತದೆ. ಅದು ಒಟ್ಟು ಎಣ್ಣೆಯ ಲೆಕ್ಕ. ಕೆಲಸ ಮಾಡುವುದು ಅದರೊಳಗಿನ ಒಮೇಗಾ-3 ಕೊಬ್ಬುಗಳಾದ ಇಪಿಎ ಮತ್ತು ಡಿಎಚ್‌ಎ. ಡಬ್ಬಿ ತಿರುಗಿಸಿ ಹಿಂದೆ ನೋಡಿ, ಸಾಮಾನ್ಯ ಕ್ಯಾಪ್ಸೂಲಿನಲ್ಲಿ 180 ಮತ್ತು 120, ಅಂದರೆ ಎರಡೂ ಸೇರಿ 300 ಮಿಲಿಗ್ರಾಂ ಅಷ್ಟೇ. 20 ಕೆಜಿ ನಾಯಿಗೆ ದಿನಕ್ಕೆ ಇಂಥ ಒಂದು ಕ್ಯಾಪ್ಸೂಲಿನಿಂದ ಶುರು ಮಾಡಿ, ಎರಡು ವಾರದಲ್ಲಿ ಎರಡು, ಮೂರಕ್ಕೆ ಏರಿಸಬಹುದು. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2006ರಲ್ಲಿ ಹೇಳಿದ ಗರಿಷ್ಠ ಮಿತಿ ಲೆಕ್ಕ ಹಾಕಿದರೆ ಈ ತೂಕದ ನಾಯಿಗೆ ಇಪಿಎ, ಡಿಎಚ್‌ಎ ಎರಡೂ ಸೇರಿ ದಿನಕ್ಕೆ ಸುಮಾರು 3500 ಮಿಲಿಗ್ರಾಂ ಬರುತ್ತದೆ. ಅದು ಗೋಡೆ ಅಂದುಕೊಳ್ಳಿ, ಅಲ್ಲಿಗೆ ಹೋಗಿ ಮುಟ್ಟಬೇಕಾಗಿಲ್ಲ. ಕೀಲು ನೋವಿಗೆ ಜಾಸ್ತಿ ಡೋಸ್ ಬೇಕಾಗುತ್ತದೆ, ಅದನ್ನು ಡಾಕ್ಟರ್ ಹೇಳಲಿ.

ಕಾಡ್ ಲಿವರ್ ಆಯಿಲ್ ಬೇರೆ, ಫಿಶ್ ಆಯಿಲ್ ಬೇರೆ. ಲಿವರ್ ಎಣ್ಣೆಯಲ್ಲಿ ವಿಟಮಿನ್ ಎ, ಡಿ ಜಾಸ್ತಿ, ದಿನಾ ಕೊಟ್ಟರೆ ಮೈಯಲ್ಲಿ ಸೇರಿ ತೊಂದರೆ ಮಾಡಬಹುದು. ಚಿಕ್ಕಂದಿನಲ್ಲಿ ನಮಗೆ ಅದನ್ನೇ ಕುಡಿಸಿದ ನೆನಪಿನಿಂದ ಎಷ್ಟೋ ಜನ ಮೆಡಿಕಲ್ ಸ್ಟೋರಿನಲ್ಲಿ ಅದನ್ನೇ ಕೇಳಿ ತರುತ್ತಾರೆ. "ಅಗಸೆ ಎಣ್ಣೆ ಹಾಕಿದರೆ ಆಗಲ್ವಾ?" ಅಂತ ಓನರ್ ಆಂಟಿ ಕೇಳಿದ್ದರು. ನಾಯಿಯ ಮೈ ಅದನ್ನು ಇಪಿಎ, ಡಿಎಚ್‌ಎ ಆಗಿ ಬದಲಿಸುವುದು ತುಂಬಾ ಕಮ್ಮಿ, ಹಾಗಾಗಿ ಅದು ಮೀನೆಣ್ಣೆಯ ಜಾಗ ತುಂಬುವುದಿಲ್ಲ. ಬಾಟಲಿ ತಂದರೆ ಫ್ರಿಜ್ಜಿನಲ್ಲಿಡಿ, ಬಿಸಿ ಅನ್ನದ ಮೇಲೆ ಸುರಿಯಬೇಡಿ, ಪೇಂಟಿನ ಥರ ಮುಗ್ಗಲು ವಾಸನೆ ಬಂದರೆ ದುಡ್ಡಿನ ಮುಖ ನೋಡದೆ ಎಸೆಯಿರಿ. ಫ್ಲೇವರ್ ಹಾಕಿದ ಮನುಷ್ಯರ ಎಣ್ಣೆಯಾದರೆ ಕ್ಸೈಲಿಟಾಲ್ ಅನ್ನೋ ಸಿಹಿ ಪದಾರ್ಥ ಇದೆಯಾ ನೋಡಿ, ಅದು ನಾಯಿಯ ಪ್ರಾಣಕ್ಕೇ ಅಪಾಯ.

ಮುಂಚೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ತೊಂದರೆ ಬಂದ ನಾಯಿಗೆ ಡಾಕ್ಟರನ್ನು ಕೇಳದೆ ಎಣ್ಣೆ ಕೊಡಬೇಡಿ. ಆಪರೇಷನ್ ಇದ್ದರೆ, ಸಂತಾನಹರಣದ್ದಾದರೂ ಸರಿ, ಮೀನೆಣ್ಣೆ ಕೊಡುತ್ತಿದ್ದೇವೆ ಅಂತ ಮೊದಲೇ ಹೇಳಿ, ಜಾಸ್ತಿ ಡೋಸಿನಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ನಿಧಾನವಾಗಬಹುದು.

ಎಣ್ಣೆ ಶುರು ಮಾಡಿದ ಮೇಲೆ ಕೂದಲಿಗೆ ಹೊಳಪು ಬರಲು ಆರರಿಂದ ಎಂಟು ವಾರ ಬೇಕು. ಕೆರೆದುಕೊಳ್ಳುವುದಕ್ಕೆ ಅಂತ ಶುರು ಮಾಡುವವರು ಮೊದಲು ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳ ಹುಡುಕಿ. ನಾನು ಒಂದು ತಿಂಗಳು ಸುಮ್ನೆ ಎಣ್ಣೆ ಹಾಕುತ್ತಾ ಕೂತೆ, ಕೊನೆಗೆ ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಕರಕೊಂಡು ಹೋದಾಗ ಡಾಕ್ಟರ್ ಕೆಂಚನ ಕಿವಿ ಮಡಚಿ ತೋರಿಸಿದರು, ಒಳಗೆ ಒಂದಲ್ಲ, ಹನ್ನೊಂದು ಉಣ್ಣೆ.